ಗ್ರಾಮದ ಮತಕ್ಕೆ ಅನುಕಲ್ಪವೇಕಿಲ್ಲ?

“ನೀವು ನಿಂತರೆ ಮತ ಒಡೆಯುತ್ತದೆ” ಎಂಬ ಮಾತು ನಮ್ಮ ಕೊಡಗಿನ ಗ್ರಾಮ ಪಂಚಾಯತಿ ಚುನಾವಣೆಗಳಿಗೆಲ್ಲ ನಾಂದೀಶ್ಲೋಕದಂತೆ ಆಗಿಬಿಟ್ಟಿದೆ. ಒಂದು ಸ್ಥಾನಕ್ಕೆ ಮೂವರು ನಾಮಪತ್ರ ಸಲ್ಲಿಸಿದರೆಂದು ತಿಳಿದೊಡನೆಯೇ ಊರಿನ ನಾಲ್ವರು ಗಣ್ಯರು ಮೂರನೆಯವನ ಮನೆಯ ಮೆಟ್ಟಿಲೇರುವರು. ಕಾಫಿಯಾಗುವುದು; ಮಳೆಯ ವಿಚಾರ, ಕರಿಮೆಣಸಿನ ಧಾರಣೆ, ತೋಟಕ್ಕೆ ನುಗ್ಗಿದ ಆನೆ, ಇವೆಲ್ಲ ಮುಗಿಯುವುದು; ಅನಂತರ ಮೆಲ್ಲನೆ ವಿಷಯವು ಹೊರಬೀಳುವುದು. “ತಾವು ಯೋಗ್ಯರೆಂಬುದರಲ್ಲಿ ನಮಗಾರಿಗೂ ಸಂದೇಹವಿಲ್ಲ. ಆದರೆ ತಾವು ನಿಂತರೆ ನಮ್ಮ ಪಾಲಿನ ಮತ ಇಬ್ಭಾಗವಾಗಿ, ಯಾರು ಬರಬಾರದೋ ಅವರೇ ಬರುವರು. ಈ ಒಂದು ಸಲ ಹಿಂತೆಗೆದುಕೊಳ್ಳಿ.” ಆತನು ಸಂಕೋಚದ ಮನುಷ್ಯನಾದರೆ ಹಿಂತೆಗೆದುಕೊಳ್ಳುವನು. ಹಟವಾದಿಯಾದರೆ ನಿಲ್ಲುವನು, ನಿಂತು ಸೋತು, ಮುಂದಿನ ಐದು ವರ್ಷ ‘ಮತ ಒಡೆದವನು’ ಎಂಬ ಬಿರುದನ್ನು ಹೊತ್ತು ತಿರುಗುವನು. ಯೋಗ್ಯನೆಂದು ಎಲ್ಲರೂ ಒಪ್ಪಿದವನು, ಯೋಗ್ಯನಾಗಿ ನಾಲ್ಕು ಮತ ಗಳಿಸಬಲ್ಲನೆಂಬ ಒಂದೇ ಕಾರಣದಿಂದ ಕಣವನ್ನು ಬಿಡಬೇಕಾಗುವ ಈ ಪದ್ಧತಿಯಲ್ಲಿ ದೋಷವು ಆ ಮನುಷ್ಯನದೋ, ನಾವು ಮತವನ್ನು ಎಣಿಸುವ ರೀತಿಯದೋ ಎಂದು ಯಾರೂ ಕೇಳುವುದಿಲ್ಲ.

ದೋಷವು ಎಣಿಕೆಯದೆಂದೇ ನನ್ನ ವಾದ. ನಮ್ಮ ಈಗಿನ ನಿಯಮದಲ್ಲಿ ಮತದಾರನು ಒಂದು ಸ್ಥಾನಕ್ಕೆ ಒಬ್ಬನ ಹೆಸರಿನ ಮುಂದೆ ಮೊಹರು ಒತ್ತಿ ಹಿಂದಿರುಗಬೇಕು. ಎಲ್ಲರಿಗಿಂತ ಹೆಚ್ಚು ಮತ ಪಡೆದವನು ಗೆದ್ದನು. ಆ ‘ಹೆಚ್ಚು’ ಎಂಬುದು ಅರ್ಧಕ್ಕಿಂತ ಹೆಚ್ಚೋ ಕಡಿಮೆಯೋ ಎಂಬುದನ್ನು ನಿಯಮವು ವಿಚಾರಿಸುವುದೇ ಇಲ್ಲ.

ಶಾಸ್ತ್ರಗ್ರಂಥಗಳಲ್ಲಿ ಉದಾಹರಣೆಗೆಂದು ಸಿಕ್ಕುವ ನಮ್ಮ ಹಳೆಯ ಮಿತ್ರರಾದ ದೇವದತ್ತ, ಯಜ್ಞದತ್ತ, ವಿಷ್ಣುಮಿತ್ರ ಈ ಮೂವರನ್ನೇ ಒಂದು ವಾರ್ಡಿನ ಒಂದು ಸ್ಥಾನಕ್ಕೆ ನಿಲ್ಲಿಸೋಣ. ಬಿದ್ದ ಮತಗಳು ೬೦೦. ಬೆಟ್ಟದ ಮಗ್ಗುಲನ್ನು ಯಂತ್ರದಿಂದ ಕಡಿಸಿ ವಸತಿಗೃಹಗಳನ್ನು ಕಟ್ಟಿಸಲು ಪಂಚಾಯತಿಯು ಧಾರಾಳವಾಗಿ ಪರವಾನಗಿ ಕೊಡಬೇಕೆಂಬುದು ದೇವದತ್ತನ ಪಕ್ಷ. ಕೂಡದೆಂಬುದು ಉಳಿದ ಇಬ್ಬರ ಪಕ್ಷ. ಅವರೊಳಗೆ ಭೇದವಿರುವುದು ಕುಡಿಯುವ ನೀರಿನ ಕೊಳಾಯಿಯು ಮೊದಲು ಹಾಡಿಗೆ ಹೋಗಬೇಕೋ ಲೈನ್‌ಮನೆಗಳಿಗೆ ಹೋಗಬೇಕೋ ಎಂಬುದರಲ್ಲಿ ಮಾತ್ರ. ದೇವದತ್ತನಿಗೆ ೨೪೦, ಯಜ್ಞದತ್ತನಿಗೆ ೨೦೦, ವಿಷ್ಣುಮಿತ್ರನಿಗೆ ೧೬೦ ಮತಗಳು ಬಂದುವು. ಬೆಟ್ಟ ಕಡಿಯಬಾರದೆಂದವರು ೩೬೦ ಮಂದಿ; ಗೆದ್ದವನು ಕಡಿಯಬೇಕೆಂದವನು. ಊರಿನ ಅಭಿಪ್ರಾಯವನ್ನು ತಿಳಿಯುವುದಕ್ಕೆಂದು ಮಾಡಿದ ಚುನಾವಣೆಯು ಊರಿನ ಅಭಿಪ್ರಾಯಕ್ಕೆ ವಿರುದ್ಧವಾದುದನ್ನು ಸಾರಿತು. ಗಣಿತದಲ್ಲಿ ತಪ್ಪಿಲ್ಲ, ಅಧಿಕಾರಿಗಳಲ್ಲಿ ವಂಚನೆಯಿಲ್ಲ, ಮತದಾರರಲ್ಲಿ ಮೌಢ್ಯವಿಲ್ಲ.

ಬೆಟ್ಟದ ಉದಾಹರಣೆಯನ್ನು ಕೊಡಗಿನ ವಾಚಕರಿಗೆ ವಿನೋದಕ್ಕಾಗಿ ಕೊಟ್ಟುದಲ್ಲ. ೨೦೧೮ರ ಆಗಸ್ಟ್ ತಿಂಗಳಿನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಹೆಬ್ಬೆಟ್ಟಗೇರಿ, ಮದೆನಾಡು, ಜೋಡುಪಾಲ ಮುಂತಾದೆಡೆಗಳಲ್ಲಿ ಬೆಟ್ಟಗಳೇ ಜಾರಿ, ಮನೆ, ತೋಟ, ಗದ್ದೆ, ಜನ, ದನ ಎಲ್ಲವೂ ಕೆಸರಿನಲ್ಲಿ ಹೋದುದನ್ನು ನಾವು ಕಂಡಿದ್ದೇವೆ. ಅದಕ್ಕೆ ಅತಿವೃಷ್ಟಿಯೇ ಕಾರಣವೋ ಮನುಷ್ಯನ ಕೈವಾಡವೂ ಕಾರಣವೋ ಎಂಬ ವಿವಾದದೊಳಗೆ ಇಲ್ಲಿ ಹೋಗುವುದಿಲ್ಲ. ಕಟ್ಟಡಕ್ಕೆ ಪರವಾನಗಿ ಕೊಡುವ, ಚರಂಡಿ ತೆಗೆಸುವ, ರಸ್ತೆಯ ದಿಕ್ಕನ್ನು ನಿರ್ಧರಿಸುವ ಅಧಿಕಾರವು ಗ್ರಾಮ ಪಂಚಾಯತಿಯ ಕೈಯಲ್ಲಿರುವಾಗ, ಆ ಕೈಯನ್ನು ಆರಿಸುವ ಕ್ರಮವು ಲಘುವಾದ ವಿಷಯವಲ್ಲವೆಂದಷ್ಟೇ ಹೇಳುವೆನು.

ಈಗ ಅದೇ ೬೦೦ ಜನರ ಕೈಯಲ್ಲಿ ಮೊಹರಿಗೆ ಬದಲಾಗಿ ಒಂದು ಲೇಖನಿಯನ್ನು ಕೊಡಿರಿ. ತನಗೆ ಅತ್ಯಂತ ಬೇಕಾದವನ ಹೆಸರಿನ ಮುಂದೆ ೧ ಎಂದೂ, ಅವನು ಆಗದಿದ್ದರೆ ಯಾರಾಗಬಹುದೋ ಅವನ ಮುಂದೆ ೨ ಎಂದೂ, ಇಷ್ಟವಿದ್ದರೆ ೩ ಎಂದೂ ಬರೆಯಲಿ. ಇಷ್ಟವಿಲ್ಲದಿದ್ದರೆ ಒಂದಕ್ಕೇ ನಿಲ್ಲಿಸಲಿ. ಮೊದಲು ೧ ಎಂಬ ಅಂಕೆಗಳನ್ನೆಣಿಸಿದಾಗ ಯಾರಿಗೂ ಅರ್ಧಕ್ಕಿಂತ ಹೆಚ್ಚು ಬರಲಿಲ್ಲ. ಎಲ್ಲರಿಗಿಂತ ಕಡಿಮೆ ಪಡೆದ ವಿಷ್ಣುಮಿತ್ರನನ್ನು ಬಿಟ್ಟು, ಅವನ ೧೬೦ ಚೀಟಿಗಳನ್ನು ಬಿಡಿಸಿ ನೋಡಿದರೆ, ೧೩೦ರಲ್ಲಿ ೨ ಎಂಬುದು ಯಜ್ಞದತ್ತನ ಮುಂದಿದೆ, ೨೦ರಲ್ಲಿ ದೇವದತ್ತನ ಮುಂದಿದೆ, ೧೦ ಬರಿದಾಗಿವೆ. ಯಜ್ಞದತ್ತನಿಗೆ ೩೩೦, ದೇವದತ್ತನಿಗೆ ೨೬೦. ಊರಿನ ಮನಸ್ಸು ಏನೆಂಬುದು ಒಂದೇ ದಿನದಲ್ಲಿ, ಎರಡನೆಯ ಸಲ ಮತಗಟ್ಟೆಗೆ ಹೋಗದೆ ತಿಳಿಯಿತು. ವಿಷ್ಣುಮಿತ್ರನು ನಿಂತುದರಿಂದ ಯಾರಿಗೂ ಹಾನಿಯಾಗಲಿಲ್ಲ. ಅವನ ಮನೆಗೆ ನಾಲ್ವರು ಗಣ್ಯರು ಹೋಗಬೇಕಾದ ಕಾರಣವೂ ಇಲ್ಲದಂತಾಯಿತು. (ಕಾಫಿಗೆಂದು ಹೋಗುವುದಾದರೆ ಅದು ಬೇರೆ ಮಾತು.)

ಇದು ಪರದೇಶದಿಂದ ತಂದ ಹೊಸ ಚಮತ್ಕಾರವೆಂದು ಮೂಗು ಮುರಿಯುವವರಿಗೆ ಒಂದು ಮಾತು. ‘ಪ್ರತಿನಿಧಿ’ ಎಂಬ ಶಬ್ದವನ್ನು ನಾವು ಇಂದು ಶಾಸಕರಿಗೂ ಪಂಚಾಯತಿ ಸದಸ್ಯರಿಗೂ ಧಾರಾಳವಾಗಿ ಉಪಯೋಗಿಸುತ್ತೇವೆ. ಮೀಮಾಂಸಾಶಾಸ್ತ್ರದಲ್ಲಿ ಅದು ಪಾರಿಭಾಷಿಕ ಶಬ್ದ. ಯಜ್ಞಕ್ಕೆ ವಿಧಿಸಿದ ದ್ರವ್ಯವು ದೊರೆಯದೆ ಹೋದಾಗ ಅದರ ಸ್ಥಾನದಲ್ಲಿ ನಿಲ್ಲತಕ್ಕ ದ್ರವ್ಯಕ್ಕೆ ಪ್ರತಿನಿಧಿಯೆಂದು ಹೆಸರು. ಜೈಮಿನಿಯು ಆರನೆಯ ಅಧ್ಯಾಯದಲ್ಲಿ ಇದನ್ನು ವಿಸ್ತಾರವಾಗಿ ವಿಚಾರಿಸಿರುವನು. ವ್ರೀಹಿಯಿಲ್ಲದಿದ್ದರೆ ಅದಕ್ಕೆ ಸದೃಶವಾದ ನೀವಾರ; ಸೋಮಲತೆಯಿಲ್ಲದಿದ್ದರೆ ಪೂತೀಕ. ಮುಖ್ಯವು ಸಿಕ್ಕಲಿಲ್ಲವೆಂದು ನಿತ್ಯಕರ್ಮವನ್ನೇ ಬಿಟ್ಟುಬಿಡತಕ್ಕದ್ದಲ್ಲ. ಮುಖ್ಯಕ್ಕೆ ಅತ್ಯಂತ ಸಮೀಪವಾದುದರಿಂದ ಅದನ್ನು ನಡಸತಕ್ಕದ್ದು. ಧರ್ಮಶಾಸ್ತ್ರಕಾರರು ಇದನ್ನೇ ಮುಖ್ಯಕಲ್ಪ, ಅನುಕಲ್ಪ ಎನ್ನುವರು. ಮುಖ್ಯಕಲ್ಪವನ್ನು ನಡಸಲು ಶಕ್ತನಾಗಿದ್ದೂ ಅನುಕಲ್ಪವನ್ನು ಹಿಡಿದವನಿಗೆ ಫಲವಿಲ್ಲವೆಂಬ ಕಟ್ಟನ್ನೂ ಅವರೇ ಹಾಕಿರುವರು. “ಹೀಗೆ ಮಾಡಿದರೆ ಒಬ್ಬನಿಗೆ ಎರಡು ಮತವಾಯಿತಲ್ಲ” ಎಂಬ ಆಕ್ಷೇಪಕ್ಕೆ ಇಲ್ಲಿಯೇ ಉತ್ತರವಿದೆ. ಮೊದಲನೆಯದು ಜೀವಂತವಾಗಿರುವವರೆಗೆ ಎರಡನೆಯದನ್ನು ಯಾರೂ ನೋಡುವುದಿಲ್ಲ. ಪ್ರತಿಯೊಂದು ಸುತ್ತಿನಲ್ಲಿಯೂ ಪ್ರತಿಯೊಬ್ಬನ ಚೀಟಿಯು ಒಬ್ಬನ ಕಟ್ಟಿನಲ್ಲಿಯೇ ಇರುವುದು. ಮತ್ತೊಂದು ಸೂಕ್ಷ್ಮವುಂಟು: ದ್ರವ್ಯಕ್ಕೆ ಪ್ರತಿನಿಧಿಯುಂಟು, ಯಜಮಾನನಿಗೆ ಇಲ್ಲ ಎಂದು ಮೀಮಾಂಸಕರ ಸಿದ್ಧಾಂತ. ಮತದಾರನಿಗೆ ಬದಲಾಗಿ ಅವನ ಅನುಕಲ್ಪವನ್ನು ನಾಲ್ವರು ಗಣ್ಯರು ಗೊತ್ತುಮಾಡುವ ಈಗಿನ ಪದ್ಧತಿಯು ಯಾವ ಶಾಸ್ತ್ರಕ್ಕೆ ಸಮ್ಮತವೆಂದು ನನಗೆ ತೋರುವುದಿಲ್ಲ.

ಇನ್ನು ನನಗೆ ನಿಜವಾಗಿಯೂ ಸಹನೆ ತಪ್ಪಿಸುವ ಸಂಗತಿಗೆ ಬರುತ್ತೇನೆ. ಈ ಅಂಕೆಯ ಮತವು ನಮ್ಮ ರಾಜ್ಯದಲ್ಲಿ ಇಲ್ಲವೆಂದೇನೂ ಅಲ್ಲ. ಸಂವಿಧಾನದ ೧೭೧ನೆಯ ವಿಧಿಯ ಪ್ರಕಾರ ವಿಧಾನ ಪರಿಷತ್ತಿನ ಚುನಾಯಿತ ಸ್ಥಾನಗಳೆಲ್ಲವೂ ಏಕ ವರ್ಗಾವಣೀಯ ಮತದಿಂದಲೇ ತುಂಬತಕ್ಕವು. ಪರಿಷತ್ತಿಗೆ ಸ್ಥಳೀಯ ಸಂಸ್ಥೆಗಳಿಂದ ಸದಸ್ಯರನ್ನು ಕಳುಹಿಸುವ ಕ್ಷೇತ್ರವೊಂದು ನಮ್ಮ ಕೊಡಗಿಗೂ ಉಂಟು. ಅಲ್ಲಿ ಮತದಾರರು ಯಾರು? ನಮ್ಮ ಗ್ರಾಮ ಪಂಚಾಯತಿಗಳ ಸದಸ್ಯರು, ಪುರಸಭೆ ಪಟ್ಟಣ ಪಂಚಾಯತಿಗಳ ಸದಸ್ಯರು ಮುಂತಾದವರು. ಅಂದರೆ, ಗ್ರಾಮಸ್ಥನ ಒಂಟಿ ಮೊಹರಿನಿಂದ ಆರಿಸಿಬಂದ ಮನುಷ್ಯನೇ, ಪರಿಷತ್ತಿಗೆ ಮತ ಹಾಕುವ ದಿನ, ೧, ೨, ೩ ಎಂದು ತನ್ನ ಮನಸ್ಸಿನ ತರತಮವನ್ನು ಕಾಣಿಸಲು ಅರ್ಹನಾಗಿಬಿಡುವನು! ಅವನನ್ನು ಆರಿಸಿದವರಿಗೆ ಆ ಅರ್ಹತೆಯಿಲ್ಲ. ಇಬ್ಬರೂ ಒಂದೇ ಶಾಲೆಯಲ್ಲಿ ಒಂದೇ ಮಗ್ಗಿಯನ್ನು ಕಲಿತವರು. ರಾಜ್ಯಸಭೆಗೆ ಮತ ಹಾಕುವ ಶಾಸಕರಿಗೆ ಅನುಕಲ್ಪವುಂಟು, ರಾಷ್ಟ್ರಪತಿಗಳನ್ನು ಆರಿಸುವ ಸಂಸತ್ಸದಸ್ಯರಿಗೆ ಉಂಟು, ಪದವೀಧರರಿಗುಂಟು, ಶಿಕ್ಷಕರಿಗುಂಟು. ಬೆಳಗಿನ ಚಳಿಯಲ್ಲಿ ಸಾಲಿನಲ್ಲಿ ನಿಲ್ಲುವ ಗ್ರಾಮಸ್ಥನೊಬ್ಬನಿಗೆ ಮಾತ್ರ ಇಲ್ಲ. ಇದಕ್ಕಿಂತ ಸ್ಪಷ್ಟವಾದ ಪಂಕ್ತಿಭೇದವನ್ನು ನಾನು ಯಾವ ಛತ್ರದಲ್ಲಿಯೂ ಕಂಡಿಲ್ಲ.

ನೈಋತ್ಯ ಶಿಕ್ಷಕರ ಕ್ಷೇತ್ರವು ಕೊಡಗನ್ನೂ ಒಳಗೊಂಡಿರುವುದರಿಂದ, ಪ್ರೌಢಶಾಲೆಯಲ್ಲಿ ಪಾಠ ಹೇಳುತ್ತಿದ್ದ ವರ್ಷಗಳಲ್ಲಿ ನಾನೂ ಈ ಪಂಕ್ತಿಯಲ್ಲಿ ಕುಳಿತು ಉಂಡವನೇ. ಚುನಾವಣಾಧಿಕಾರಿಗಳು ಕೊಟ್ಟ ನೇರಳೆ ಬಣ್ಣದ ಲೇಖನಿಯಿಂದ ಅಂಕೆಗಳನ್ನು ಬರೆಯಲು ಅರ್ಧ ನಿಮಿಷವೂ ಬೇಕಾಗಲಿಲ್ಲ. ನಿಯಮಗಳು ನಾಲ್ಕೇ: ೧ ಎಂಬುದು ಇರಲೇಬೇಕು, ಅದು ಒಬ್ಬನಿಗೆ ಮಾತ್ರ ಇರಬೇಕು, ಅಂಕೆಯ ಬದಲು ಬೇರೆ ಗುರುತು ಕೂಡದು, ಹೆಸರು ರುಜು ಕೂಡದು.

ರಾಷ್ಟ್ರಪತಿಗಳ ಚುನಾವಣೆಯ ಮಾತು ಬಂದುದರಿಂದ ೧೯೬೯ರ ಸಂದರ್ಭವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಏಕೆಂದರೆ ಅದರ ಬೀಜವು ಬಿದ್ದುದು ನಮ್ಮ ಬೆಂಗಳೂರಿನಲ್ಲಿ. ಆ ವರ್ಷದ ಮೇ ತಿಂಗಳಿನಲ್ಲಿ ಝಾಕಿರ್ ಹುಸೇನರು ತೀರಿಕೊಂಡರು. ಜುಲೈ ತಿಂಗಳಿನಲ್ಲಿ ಬೆಂಗಳೂರಿನಲ್ಲಿ ಸೇರಿದ ಕಾಂಗ್ರೆಸ್ಸಿನ ಮುಖಂಡರು ನೀಲಂ ಸಂಜೀವ ರೆಡ್ಡಿಯವರ ಹೆಸರನ್ನು ನಿಶ್ಚಯಿಸಿದರು. ಪ್ರಧಾನಿ ಇಂದಿರಾ ಗಾಂಧಿಯವರಿಗೆ ಅದು ಸಮ್ಮತವಾಗಿರಲಿಲ್ಲ. ಅದಕ್ಕೆ ಕೆಲವು ವರ್ಷ ಹಿಂದೆ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ವಿ. ವಿ. ಗಿರಿಯವರು ಸ್ವತಂತ್ರವಾಗಿ ನಿಂತರು. ಸ್ವತಂತ್ರ ಪಕ್ಷ, ಜನಸಂಘಗಳ ಬೆಂಬಲದಿಂದ ಸಿ. ಡಿ. ದೇಶಮುಖರು ನಿಂತರು. ಮೊದಲ ಎಣಿಕೆಯಲ್ಲಿ ಗಿರಿಯವರಿಗೆ ೪,೦೧,೫೧೫, ರೆಡ್ಡಿಯವರಿಗೆ ೩,೧೩,೫೪೮, ದೇಶಮುಖರಿಗೆ ೧,೧೨,೭೬೯ ಮತಮೌಲ್ಯ ಬಂದಿತು. ನಮ್ಮ ಪಂಚಾಯತಿಯ ನಿಯಮವಾಗಿದ್ದರೆ ಅಲ್ಲಿಗೇ ಮಂಗಳ ಹಾಡಬೇಕಾಗಿತ್ತು. ಆದರೆ ಗಿರಿಯವರು ಅರ್ಧವನ್ನು ದಾಟಿರಲಿಲ್ಲ. ಹಿಂದುಳಿದವರನ್ನು ಬಿಡುತ್ತ, ಅವರ ಚೀಟಿಗಳ ಎರಡನೆಯ ಮೂರನೆಯ ಅಂಕೆಗಳನ್ನು ಸೇರಿಸುತ್ತ ಹೋದಾಗ ಗಿರಿಯವರಿಗೆ ೪,೨೦,೦೭೭, ರೆಡ್ಡಿಯವರಿಗೆ ೪,೦೫,೪೨೭ ಆಯಿತು. ಎಂಬತ್ತೆಂಟು ಸಾವಿರದಷ್ಟಿದ್ದ ಅಂತರವು ಹದಿನೈದು ಸಾವಿರಕ್ಕಿಂತ ಕೆಳಗಿಳಿಯಿತು. ಮೊದಲೇ ಮುಂದಿದ್ದವರೇ ಗೆದ್ದರು, ನಿಜ. ಆದರೆ ಅವರ ಗೆಲವನ್ನು ‘ಮತ ಒಡೆದುದರ ಫಲ’ ಎಂದು ಹಳಿಯುವ ಬಾಯಿಗೆ ಆಸ್ಪದವಿಲ್ಲದೆ ಹೋಯಿತು. ದೇಶಮುಖರು ನಿಂತುದು ತಪ್ಪೆಂದು ಯಾರೂ ಹೇಳಲಾಗಲಿಲ್ಲ. ನಾನು ಗ್ರಾಮಕ್ಕೆ ಬೇಡುವುದೂ ಇದನ್ನೇ. ಬಹಳ ಸಲ ಮೊದಲಿನವನೇ ಕೊನೆಗೂ ಮೊದಲಿನವನಾಗಿ ಉಳಿಯಬಹುದು. ಆದರೂ ಮೂರನೆಯವನು ನಿರ್ಭಯನಾಗಿ ನಿಲ್ಲುವನು. ಮತದಾರನು ಸುಳ್ಳು ಹೇಳದೆ ಮತ ಹಾಕುವನು. ಗೆದ್ದವನಿಗೆ ತನ್ನ ಹಿಂದೆ ಎಷ್ಟು ಜನರು ಎಷ್ಟು ಮನಸ್ಸಿನಿಂದ ಇದ್ದಾರೆಂಬ ಲೆಕ್ಕ ಸಿಕ್ಕುವುದು.

ಇದಕ್ಕೆ ವಿರೋಧವಾಗಿ ವಿದ್ಯಾವಂತ ಮಿತ್ರರು ಮೊದಲು ಹೇಳುವುದು, “ಹಳ್ಳಿಯವರಿಗೆ ಇದು ತಿಳಿಯುವುದಿಲ್ಲ” ಎಂಬುದನ್ನು. ಈ ಆಕ್ಷೇಪಕ್ಕೆ ದೊಡ್ಡವರ ಬೆಂಬಲವೂ ಉಂಟೆಂಬುದನ್ನು ಮುಚ್ಚಿಡುವುದು ಸಲ್ಲದು. ೧೯೪೯ರ ಜನವರಿಯಲ್ಲಿ ಸಂವಿಧಾನ ಸಭೆಯಲ್ಲಿ ಪ್ರಮಾಣಾನುಸಾರ ಪ್ರಾತಿನಿಧ್ಯದ ಸೂಚನೆ ಬಂದಾಗ ಅಂಬೇಡ್ಕರರು ಅದನ್ನು ಒಪ್ಪಲಿಲ್ಲ. ಅಂಕೆಗಳನ್ನು ಗುರುತಿಸಿ ಬರೆಯುವಷ್ಟಾದರೂ ಅಕ್ಷರಜ್ಞಾನವು ಮತದಾರರಿಗೆ ಬೇಕು, ಅದು ದೇಶದಲ್ಲಿಲ್ಲ ಎಂಬುದು ಅವರು ಕೊಟ್ಟ ಒಂದು ಕಾರಣ. ಶಾಸನಸಭೆಯು ಚೂರುಚೂರಾಗಿ ಮಂತ್ರಿಮಂಡಲವು ನಿಲ್ಲದೆ ಹೋಗುವುದೆಂಬುದು ಮತ್ತೊಂದು. ಆ ಕಾಲಕ್ಕೆ ಆ ಮಾತು ಯುಕ್ತವೇ ಆಗಿತ್ತು. ಕೊಡಗಿನ ಪರವಾಗಿ ಸಿ. ಎಂ. ಪೂಣಚ್ಚನವರು ಸದಸ್ಯರಾಗಿದ್ದ ಸಭೆಯದು. ದೇಶದಲ್ಲಿ ನೂರಕ್ಕೆ ಇಪ್ಪತ್ತು ಜನರಿಗೂ ಓದು ಬಾರದಿದ್ದ ಕಾಲವದು. ಆದರೆ ಕಾರಣವು ಹೋದ ಮೇಲೆ ಕಾರ್ಯವು ನಿಲ್ಲಬಹುದೇ? ೨೦೧೧ರ ಜನಗಣತಿಯಲ್ಲಿ ಕೊಡಗಿನ ಸಾಕ್ಷರತೆಯು ನೂರಕ್ಕೆ ೮೨ನ್ನು ಮೀರಿತ್ತು. ಓದು ಬಾರದ ಮುದುಕಿಯೂ ಇಂದು ದೂರವಾಣಿಯ ಹತ್ತು ಅಂಕೆಗಳನ್ನು ಒತ್ತಿ ಮಗಳೊಡನೆ ಮಾತನಾಡುವಳು. ಅವಳಿಗೆ ಒಂದು ಎರಡು ಮೂರು ಬರೆಯಲು ಬಾರದೆಂದು ಹೇಳುವವರು ಒಮ್ಮೆ ಅವಳನ್ನು ಕೇಳಿ ನೋಡಬಹುದು. ಕುರುಡರಿಗೂ ಅಶಕ್ತರಿಗೂ ಈಗ ಇರುವಂತೆಯೇ ಸಂಗಡಿಗನ ಸಹಾಯವಿರಲಿ. ಎರಡನೆಯ ಕಾರಣವಂತೂ ಗ್ರಾಮಕ್ಕೆ ತಗಲುವುದೇ ಇಲ್ಲ. ಗ್ರಾಮ ಪಂಚಾಯತಿಯ ಚುನಾವಣೆಯು ನಿಯಮದ ಪ್ರಕಾರ ಪಕ್ಷರಹಿತವಾದುದು. ಅಲ್ಲಿ ಉರುಳಲು ಮಂತ್ರಿಮಂಡಲವಿಲ್ಲ.

ಪರಿಷತ್ತಿನ ಪದವೀಧರರ ಕ್ಷೇತ್ರಗಳಲ್ಲಿ ಪ್ರತಿ ಸಲವೂ ಸಾವಿರಗಟ್ಟಲೆ ಮತಗಳು ಅಸಿಂಧುವಾಗುತ್ತವಲ್ಲ ಎಂದು ಯಾರಾದರೂ ಕೇಳಬಹುದು. ಆಗುತ್ತವೆ. ಅಲ್ಲಿ ತಪ್ಪು ಮಾಡಿದವರು ಓದು ಬಾರದವರಲ್ಲವಷ್ಟೆ. ಅಂಕೆಯ ಜಾಗದಲ್ಲಿ ಸರಿ ಗುರುತನ್ನು ಹಾಕಿದವರು, ಅಭ್ಯಾಸಬಲದಿಂದ ರುಜು ಮಾಡಿದವರು ಎಲ್ಲರೂ ಪದವಿಯುಳ್ಳವರು. ಸೂಚನೆಯ ಫಲಕವನ್ನು ಓದುವುದು ತಮ್ಮಂಥವರಿಗಲ್ಲವೆಂಬ ಭಾವನೆಯೇ ಇದರ ಮೂಲವೆಂದು, ನಲವತ್ತು ವರ್ಷಗಳ ಹತ್ತಿರ ಉತ್ತರಪತ್ರಿಕೆಗಳನ್ನು ತಿದ್ದಿದ ನನಗೆ ತೋರುತ್ತದೆ. ಹಳ್ಳಿಯವನು ಕೇಳಿ ತಿಳಿದು ಬರೆಯುವನು.

ಇನ್ನೊಂದು ವರ್ಗದ ಆಕ್ಷೇಪವು ನನಗೆ ಹೆಚ್ಚು ಗೌರವಾರ್ಹವಾಗಿ ಕಾಣುವುದು. “ಗ್ರಾಮದಲ್ಲಿ ಚುನಾವಣೆಯೇ ಬೇಡ. ನಮ್ಮ ಹಿರಿಯರು ಮಂದಿನಲ್ಲಿ ಕುಳಿತು, ತಕ್ಕರ ಸಮಕ್ಷಮದಲ್ಲಿ, ಒಕ್ಕಗಳ ಪಟ್ಟೇದಾರರ ಮಾತು ಕೇಳಿ, ಒಮ್ಮತಕ್ಕೆ ಬರುತ್ತಿದ್ದರು. ಅವಿರೋಧ ಆಯ್ಕೆಯೇ ಶ್ರೇಷ್ಠ” ಎನ್ನುವವರು ಇವರು. ಒಮ್ಮತವು ಶ್ರೇಷ್ಠವೇ. ಆದರೆ ಒಮ್ಮತವು ಹೇಗೆ ಹುಟ್ಟುತ್ತಿತ್ತು? ಒಬ್ಬನು ತನಗೆ ಬೇಕಾದುದನ್ನು ಹೇಳಿದನು. ಅದು ಆಗದೆಂದು ಕಂಡಾಗ, “ಹಾಗಾದರೆ ಇಷ್ಟಾದರೂ ಆಗಲಿ” ಎಂದನು. ಇನ್ನೊಬ್ಬನೂ ಹಾಗೆಯೇ ಒಂದು ಮೆಟ್ಟಿಲು ಇಳಿದನು. ಎಲ್ಲರ ಎರಡನೆಯ ಮಾತುಗಳು ಒಂದೆಡೆಯಲ್ಲಿ ಕೂಡಿದಾಗ ಅದಕ್ಕೆ ಒಮ್ಮತವೆಂದು ಹೆಸರಾಯಿತು. ಆ ಎರಡನೆಯ ಮಾತನ್ನು ಆಡಲು ಈಗಿನ ಮತಪತ್ರದಲ್ಲಿ ಜಾಗವಿಲ್ಲ. ಹಿರಿಯರ ಪದ್ಧತಿಗೆ ಹತ್ತಿರವಾದುದು ಮೊಹರೋ ಅಂಕೆಯೋ ಅವರೇ ಹೇಳಲಿ. ಮಂದಿನ ಮಾತಿನಲ್ಲಿ ಹೆಂಗಸರಿಗೂ ಹಾಡಿಯವರಿಗೂ ಎಷ್ಟು ಪಾಲಿತ್ತೆಂಬ ಪ್ರಶ್ನೆಯೂ ಉಂಟು. ಅದನ್ನು ಇಲ್ಲಿ ಬೆಳಸುವುದಿಲ್ಲ. ಇಂದಿನ ‘ಅವಿರೋಧ’ದ ಸ್ವರೂಪವನ್ನಾದರೂ ನೋಡಿರಿ. ೨೦೨೦ರ ಡಿಸೆಂಬರಿನ ಪಂಚಾಯತಿ ಚುನಾವಣೆಯಲ್ಲಿ ರಾಜ್ಯದಾದ್ಯಂತ ಸಾವಿರಾರು ಸ್ಥಾನಗಳು ಅವಿರೋಧವಾಗಿ ತುಂಬಿದುವು. ಕೆಲವು ಊರುಗಳಲ್ಲಿ ಸ್ಥಾನಗಳನ್ನು ಹರಾಜು ಹಾಕಿದರೆಂಬ ಸುದ್ದಿಯು ಪತ್ರಿಕೆಗಳಲ್ಲಿ ಬಂದು, ಅಧಿಕಾರಿಗಳು ಮಧ್ಯೆ ಬರಬೇಕಾಯಿತು. ಪ್ರೀತಿಯಿಂದಾದ ಒಮ್ಮತಕ್ಕೂ, ಹಣದಿಂದಲೋ ಒತ್ತಡದಿಂದಲೋ ಆದ ಮೌನಕ್ಕೂ ದಫ್ತರದಲ್ಲಿ ಒಂದೇ ಹೆಸರು.

ನಮ್ಮ ಗ್ರಾಮ ಪಂಚಾಯತಿಗಳ ಮತ್ತೊಂದು ವಿಶೇಷವನ್ನು ಬಹಳ ಮಂದಿ ಗಮನಿಸಿಲ್ಲ. ಒಂದು ವಾರ್ಡಿಗೆ ಅನೇಕ ವೇಳೆ ಇಬ್ಬರು, ಮೂವರು ಸದಸ್ಯರಿರುವರು. ಎಷ್ಟು ಸ್ಥಾನವೋ ಮತದಾರನಿಗೆ ಅಷ್ಟು ಮತ. ಇದೂ ಕೊಡಗಿಗೆ ಹೊಸದಲ್ಲ. ೧೯೫೨ರಲ್ಲಿ ನಮ್ಮದೇ ಪ್ರತ್ಯೇಕ ರಾಜ್ಯವಾಗಿದ್ದಾಗ, ೨೪ ಸದಸ್ಯರ ಶಾಸನಸಭೆಗೆ ೧೮ ಕ್ಷೇತ್ರಗಳಿಂದ ಚುನಾವಣೆಯಾಯಿತು. ಅವುಗಳಲ್ಲಿ ಆರು ಕ್ಷೇತ್ರಗಳು ಇಬ್ಬಿಬ್ಬರನ್ನು ಕಳುಹಿಸಿದುವು. ಈ ಪದ್ಧತಿಯ ದೋಷವೇನೆಂದರೆ, ನೂರರಲ್ಲಿ ಐವತ್ತೊಂದು ಮಂದಿ ಒಟ್ಟಾಗಿ ನಿಂತರೆ ಮೂರು ಸ್ಥಾನಗಳನ್ನೂ ಅವರೇ ಹೊತ್ತುಕೊಂಡು ಹೋಗಬಹುದು. ಉಳಿದ ನಲವತ್ತೊಂಬತ್ತು ಮಂದಿಗೆ ಬೆಂಚಿನ ಮೇಲೆ ಕುಳಿತು ಕೇಳುವ ಭಾಗ್ಯ. ಕೊಡವರು, ಅರೆಭಾಷೆಯ ಗೌಡರು, ಮಲೆಯಾಳ ಮಾತಾಡುವವರು, ತುಳುವರು, ಎರವರು, ಕುರುಬರು ಒಂದೇ ಹೊಳೆಯ ಎರಡು ದಡಗಳಲ್ಲಿ ಬೆರೆತು ಬಾಳುವ ನಾಡಿನಲ್ಲಿ ಇದು ಸಾಮಾನ್ಯ ಅನ್ಯಾಯವಲ್ಲ. ಅಂಕೆಯ ಮತವನ್ನು ಇಂಥ ವಾರ್ಡಿಗೆ ಅನ್ವಯಿಸಿದರೆ, ಮೂರು ಸ್ಥಾನಗಳ ವಾರ್ಡಿನಲ್ಲಿ ನಾಲ್ಕನೆಯ ಒಂದು ಪಾಲಿಗಿಂತ ಒಂದು ಮತ ಹೆಚ್ಚು ಪಡೆದವನು ಗೆದ್ದಂತೆ. ಅಧಿಕವಾದ ಮತವು ವ್ಯರ್ಥವಾಗದೆ ಎರಡನೆಯವನಿಗೆ ಹರಿಯುವುದು; ಸೋತವನ ಮತವೂ ಹರಿಯುವುದು. ಸ್ಕಾಟ್ಲೆಂಡಿನ ಸ್ಥಳೀಯ ಸಂಸ್ಥೆಗಳಲ್ಲಿ ವಾರ್ಡಿಗೆ ಮೂವರು ಅಥವಾ ನಾಲ್ವರಂತೆ ೨೦೦೭ರಿಂದ ಹೀಗೆಯೇ ಆರಿಸಲು ತೊಡಗಿದರು. ಐರ್ಲೆಂಡಿನವರು ನೂರು ವರ್ಷಕ್ಕೂ ಮೇಲ್ಪಟ್ಟು ಇದನ್ನು ನಡಸಿಕೊಂಡು ಬಂದಿರುವರು. ಮೀಸಲು ಸ್ಥಾನಗಳಿಗೆ ಬಾಧಕವಾಗುವುದೆಂಬ ಭಯ ಬೇಡ. ಮಹಿಳೆಯರ, ಪರಿಶಿಷ್ಟರ, ಹಿಂದುಳಿದ ವರ್ಗಗಳ ಸ್ಥಾನವನ್ನು ಆಯಾ ವರ್ಗದ ಉಮೇದುವಾರರಲ್ಲಿಯೇ ಮೊದಲು ಎಣಿಸಿ ತುಂಬಿ, ಅನಂತರ ಉಳಿದುದನ್ನು ತುಂಬಬಹುದು. ಮೀಸಲಾತಿಯಲ್ಲಿ ಒಂದು ಕೂದಲನ್ನೂ ಅಲುಗಿಸಬೇಕಾಗಿಲ್ಲ.

ಈ ಪದ್ಧತಿಗೆ ದೋಷವೇ ಇಲ್ಲವೆಂದು ನಾನು ಹೇಳುವುದಿಲ್ಲ. ಮೂವರೊಳಗೆ ಯಾರೊಡನೆ ಒಂಟಿಯಾಗಿ ನಿಂತರೂ ಗೆಲ್ಲತಕ್ಕವನು, ಮೊದಲ ಅಂಕೆಗಳು ಕಡಿಮೆಯಾದ ಕಾರಣ, ಮೊದಲೇ ಕಣ ಬಿಡಬೇಕಾಗುವ ಸಂದರ್ಭವುಂಟು. ಅಮೆರಿಕದ ಬರ್ಲಿಂಗ್ಟನ್ ಎಂಬ ಊರಿನ ಮೇಯರ್ ಚುನಾವಣೆಯಲ್ಲಿ ೨೦೦೯ರಲ್ಲಿ ಹಾಗೆಯೇ ಆಯಿತು. ಮರುವರ್ಷ ಆ ಊರಿನವರು ಪದ್ಧತಿಯನ್ನೇ ಕೈಬಿಟ್ಟರು. ಕೆಲವು ವರ್ಷಗಳಾದ ಮೇಲೆ ಮತ್ತೆ ಅದಕ್ಕೇ ಮರಳಿದರೆಂಬುದನ್ನೂ ಸೇರಿಸಬೇಕು. ನೆರೆಯ ಶ್ರೀಲಂಕೆಯಲ್ಲಿ ೨೦೨೪ರ ಸೆಪ್ಟೆಂಬರಿನಲ್ಲಿ ಅಧ್ಯಕ್ಷ ಪದವಿಗೆ ಮೊತ್ತಮೊದಲು ಎರಡನೆಯ ಎಣಿಕೆ ನಡೆದಾಗ, ಎರಡನೆಯ ಅಂಕೆಯನ್ನು ಬರೆದವರೇ ಅಲ್ಪಸಂಖ್ಯಾತರೆಂದು ಕಂಡುಬಂದಿತು. ಜನರಿಗೆ ಕಲಿಸದೆ ಕಾಯಿದೆಯಲ್ಲಿ ಮಾತ್ರ ಬರೆದಿಟ್ಟರೆ ಹಾಗಾಗುವುದು. ಜಾತಿಯೂ ಹಣವೂ ಅಂಕೆಗೆ ಹೆದರಿ ಓಡುವುದಿಲ್ಲ. ಆದರೆ ಈಗ ತನ್ನವರನ್ನು ಬಿಟ್ಟು ಬೇರೆಯವರ ಅಂಗಳಕ್ಕೆ ಕಾಲಿಡದ ಉಮೇದುವಾರನು, ನಾಳೆ ಅವರ ಎರಡನೆಯ ಅಂಕೆಗಾಗಿಯಾದರೂ ಹೋಗಿ, ಅವರ ಕಷ್ಟವೇನೆಂದು ಕೇಳಬೇಕಾಗುವುದು. ಬೈದವನಿಗೆ ಎರಡನೆಯ ಅಂಕೆ ಬರುವುದಿಲ್ಲ.

ಇದಕ್ಕೆ ದಿಲ್ಲಿಯ ಅಪ್ಪಣೆ ಬೇಕೆಂಬುದು ಮತ್ತೊಂದು ತಪ್ಪು ಕಲ್ಪನೆ. ಸಂವಿಧಾನದ ೨೪೩-ಕೆ ವಿಧಿಯು ಪಂಚಾಯತಿ ಚುನಾವಣೆಗಳ ಸಮಸ್ತ ವಿಷಯಗಳಲ್ಲಿಯೂ ಕಾನೂನು ಮಾಡುವ ಅಧಿಕಾರವನ್ನು ರಾಜ್ಯದ ಶಾಸನಸಭೆಗೆ ಕೊಟ್ಟಿದೆ. ಸದಸ್ಯರು ನೇರ ಚುನಾವಣೆಯಿಂದ ಬರಬೇಕೆಂದು ೨೪೩-ಸಿ ವಿಧಿಯು ಹೇಳುವುದೇ ಹೊರತು, ಮತವನ್ನು ಮೊಹರಿನಿಂದಲೇ ಹಾಕಬೇಕೆಂದು ಹೇಳುವುದಿಲ್ಲ. ೧೯೯೩ರ ನಮ್ಮ ಪಂಚಾಯತ್ ರಾಜ್ ಅಧಿನಿಯಮವನ್ನು ತಿದ್ದಿದರೆ ಸಾಕು. ದಿಲ್ಲಿಗಾಗಿ ಕಾಯುವುದು ಈ ರಾಜ್ಯದ ಸಂಪ್ರದಾಯವೂ ಅಲ್ಲ. ಅಬ್ದುಲ್ ನಜೀರ್ ಸಾಬರ ಕಾಲದ ೧೯೮೩ರ ಕಾಯಿದೆಯು ಹೆಂಗಸರಿಗೆ ನೂರಕ್ಕೆ ಇಪ್ಪತ್ತೈದು ಸ್ಥಾನಗಳನ್ನು ಕೊಟ್ಟುದು, ಸಂವಿಧಾನದ ೭೩ನೆಯ ತಿದ್ದುಪಡಿಗೆ ಸುಮಾರು ಹತ್ತು ವರ್ಷ ಮೊದಲು. ೨೦೨೫ರ ಸೆಪ್ಟೆಂಬರಿನಲ್ಲಿ ರಾಜ್ಯದ ಸಚಿವ ಸಂಪುಟವು ಸ್ಥಳೀಯ ಚುನಾವಣೆಗಳನ್ನು ಯಂತ್ರದಿಂದಲ್ಲದೆ ಮತಪತ್ರದಿಂದ ನಡಸಬೇಕೆಂದು ಚುನಾವಣಾ ಆಯೋಗಕ್ಕೆ ಶಿಫಾರಸು ಮಾಡಿತು. ಅದರ ಪರವಿರೋಧವಾಗಿ ಪತ್ರಿಕೆಗಳಲ್ಲಿ ಸುರಿದ ಮಸಿಗೆ ಲೆಕ್ಕವಿಲ್ಲ. ಕಾಗದವೋ ಯಂತ್ರವೋ ಎಂದು ಇಷ್ಟು ಕಾದಾಡಿದವರಲ್ಲಿ, ಆ ಕಾಗದದ ಮೇಲೆ ಏನು ಬರೆಯಬೇಕೆಂದು ಕೇಳಿದವರನ್ನು ನಾನು ಕಾಣಲಿಲ್ಲ. ಅಂಕೆಯ ಮತಕ್ಕೆ ಬೇಕಾದುದು ಕಾಗದವೇ. ನಾನೂರು ಜನಸಂಖ್ಯೆಗೆ ಒಬ್ಬ ಸದಸ್ಯನೆಂಬುದು ಕಾಯಿದೆಯ ಲೆಕ್ಕ; ವಾರ್ಡಿನ ಚೀಟಿಗಳು ಕೆಲವು ನೂರು. ಅವುಗಳನ್ನು ಮೂರು ಸಲ ಬೇರೆ ಬೇರೆ ಕಟ್ಟು ಮಾಡಿ ಎಣಿಸಲು ಇಬ್ಬರು ಗುಮಾಸ್ತರಿಗೆ ಒಂದು ಮಧ್ಯಾಹ್ನ ಸಾಕು. ಗುಡ್ಡಗಾಡಿನ ನಮ್ಮ ಜಿಲ್ಲೆಯ ಪಂಚಾಯತಿಗಳು ಬಯಲುಸೀಮೆಯವಕ್ಕಿಂತ ಚಿಕ್ಕವಾದುದರಿಂದ, ಪ್ರಯೋಗವನ್ನು ಇಲ್ಲಿಂದಲೇ ಆರಂಭಿಸುವುದು ಸುಲಭ.

ಶಾಸಕರಿಗೆ ಪತ್ರ ಬರೆಯುವುದು ಎಲ್ಲರಿಗೂ ಸಾಧ್ಯ, ಬರೆಯೋಣ. ಅದರೊಡನೆ ನಮ್ಮ ಕೈಯಲ್ಲಿಯೇ ಇರುವ ಒಂದು ಕೆಲಸವನ್ನು ಸಂಘದ ಸದಸ್ಯರ ಮುಂದಿಡುತ್ತೇನೆ. ಈ ಪತ್ರಿಕೆಯನ್ನು ಹೊರಡಿಸುವ ನಮ್ಮ ಸಂಘಕ್ಕೂ ಕಾರ್ಯಕಾರಿ ಸಮಿತಿಯುಂಟು, ಅದಕ್ಕೂ ಚುನಾವಣೆಯುಂಟು, ಅಲ್ಲಿಯೂ “ನೀವು ನಿಂತರೆ ಮತ ಒಡೆಯುತ್ತದೆ” ಎಂಬ ಮಾತು ಕೇಳಿಬಂದುದುಂಟು. ಮುಂದಿನ ಮಹಾಸಭೆಯಲ್ಲಿ ನಿಯಮಾವಳಿಯ ಒಂದು ವಾಕ್ಯವನ್ನು ತಿದ್ದಿ, ಮೊದಲ ಸಲ ಅಂಕೆಯಿಂದ ಮತ ಹಾಕಿ ನೋಡೋಣ. ಮತಪತ್ರಗಳನ್ನು ಕೈಬರಹದಲ್ಲಿ ಸಿದ್ಧಪಡಿಸುವ ಕೆಲಸವೂ ಎಣಿಕೆಯ ಕೆಲಸವೂ ನನಗಿರಲಿ, ನಾನು ಉಮೇದುವಾರನಲ್ಲ. ಕಟ್ಟುಗಳನ್ನು ಬೇರೆ ಬೇರೆಯಾಗಿಡಲು ಆರು ಬಿಸ್ಕತ್ತಿನ ಡಬ್ಬಗಳು ಬೇಕಾಗುವುವು. ನಮ್ಮ ಮನೆಯಲ್ಲಿ ನಾಲ್ಕಿವೆ.